ಎಡೆದೊರೆ ನಾಡಿನಲ್ಲಿ ಪ್ರಸಂಗಿಯ ಮಾತು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ದೊಡ್ಡ ಹೊಳೆಗಳನ್ನು ಎರಡು ಮಗ್ಗುಲಿಗೆ ಇಟ್ಟುಕೊಂಡೂ ಮಳೆಗಾಗಿ ಮುಗಿಲು ನೋಡುವ ನಾಡು ರಾಯಚೂರು. ಹಿಂದಿನವರು ಇದನ್ನು ಎಡೆದೊರೆ ನಾಡು ಎಂದು ಕರೆದರು. ಇಲ್ಲಿ ದೊರೆ ಎಂದರೆ ಅರಸನಲ್ಲ, ತೊರೆ. ತೊರೆಗಳ ಎಡೆಯಲ್ಲಿರುವ ನಾಡು ಎಂದು ಅರ್ಥ. ಈ ನೆಲವನ್ನು ಆಳಬೇಕೆಂದು ಬಂದ ದೊರೆಗಳಿಗೂ ಕೊರತೆಯಿರಲಿಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿದ್ದನ್ನು ಅದರ ಮೇಲಿನ ಶಾಸನ ಹೇಳುತ್ತದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯಲ್ಲಿ ಎಳೆದು ತಂದ ಬಗೆಯನ್ನೂ ಗೋಡೆಯ ಮೇಲೆ ಚಿತ್ರವಾಗಿ ಕೊರೆದಿದ್ದಾರೆ. 1520ರಲ್ಲಿ ಕೃಷ್ಣದೇವರಾಯ ಈ ಕೋಟೆಯನ್ನು ಬಿಜಾಪುರದವರಿಂದ ಗೆದ್ದ. ಅರ್ಧ ಶತಮಾನ ಕಳೆಯುವುದರೊಳಗೆ ಅದು ಮತ್ತೆ ಬಿಜಾಪುರದವರ ಕೈ ಸೇರಿತು. ಕೋಟೆ ಗೆದ್ದವರಾರೂ ನಾಳೆಯನ್ನು ಗೆಲ್ಲಲಿಲ್ಲ.

ನಾಳೆಯ ಚಿಂತೆ ಈ ಊರಿಗೆ ಇಂದಿಗೂ ಇದೆ. ಈಗ ಅದು ಕುದುರೆ ಏರಿ ಬರುವುದಿಲ್ಲ. ಜೂನ್ ತಿಂಗಳಲ್ಲಿ ಮೋಡದ ರೂಪದಲ್ಲಿ, ಆಗಸ್ಟಿನಲ್ಲಿ ಕಾಲುವೆಯ ನೀರಿನ ರೂಪದಲ್ಲಿ, ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ರೂಪದಲ್ಲಿ ಬರುತ್ತದೆ. ಮಗ ಪಾಸಾಗುವನೇ, ಮಗಳಿಗೆ ಸೀಟು ಸಿಗುವುದೇ, ತೊಗರಿಗೆ ದರ ನಿಲ್ಲುವುದೇ, ಹೊಲಕ್ಕೆ ನೀರು ಮುಟ್ಟುವುದೇ ಎಂಬ ಪ್ರಶ್ನೆಗಳನ್ನು ಹೊತ್ತುಕೊಂಡೇ ಇಲ್ಲಿನ ಜನ ಗುಡಿಗೆ, ದರ್ಗಾಕ್ಕೆ, ಚರ್ಚಿಗೆ ಹೋಗುತ್ತಾರೆ. ಹಾಗೆ ಚರ್ಚಿಗೆ ಹೋದವರ ಕೈಯಲ್ಲಿರುವ ಸತ್ಯವೇದ ಈ ಪ್ರಶ್ನೆಗಳಿಗೆ ಏನು ಹೇಳುತ್ತದೆ? ಆ ಮಾತು ರಾಯಚೂರು, ಮಾನ್ವಿ, ದೇವದುರ್ಗಗಳ ಬಿಸಿಲಿನಲ್ಲಿ ಎಷ್ಟು ನಿಲ್ಲುತ್ತದೆ? ನೋಡುತ್ತ ಹೋಗಬಹುದಾದ ದಾರಿಯೊಂದು ಇಲ್ಲಿದೆ.

ರೈಲು ತಂದದ್ದು, ಬಳ್ಳಾರಿ ಕೊಟ್ಟದ್ದು

ಮುಂಬಯಿಯ ಕಡೆಯಿಂದ ಬಂದ ರೈಲು ಹಳಿ, ಮದರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡದ್ದು ರಾಯಚೂರಿನಲ್ಲಿ, 1871ರಲ್ಲಿ. ಅಂದಿನಿಂದ ಇದು ನಾಲ್ಕು ಕಡೆಯ ಜನ ಇಳಿದು ಹತ್ತುವ ಊರಾಯಿತು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಚಹಾ ಅಂಗಡಿಯಲ್ಲಿ ಕೇಳಿಸುವ ಊರು ಇದು. ಹಳೆಯ ಹೈದರಾಬಾದ್ ಸಂಸ್ಥಾನದ ಬೀದರ್, ರಾಯಚೂರು ಸೀಮೆಗಳಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನವರು ಕೆಲಸ ಮಾಡಿದರು. ಅವರ ಸಭೆಗಳಿಗೆ ಸೇರಿದವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಗಳಲ್ಲಿದ್ದ ಬಡ ಕೃಷಿ ಕಾರ್ಮಿಕರು. ಅದಕ್ಕೂ ಬಹಳ ಹಿಂದೆ, ಹದಿನಾರನೆಯ ಶತಮಾನದಲ್ಲಿಯೇ, ಇದೇ ಜಿಲ್ಲೆಯ ಮುದಗಲ್ಲಿನಲ್ಲಿ ಜೆಸ್ಯೂಟ್ ಪಾದ್ರಿಗಳು ನೆಲೆಯೂರಿದ್ದರು. ಇಂದು ಜಿಲ್ಲೆಯ ಕ್ಯಾಥೊಲಿಕರು ಬಳ್ಳಾರಿ ಧರ್ಮಪ್ರಾಂತಕ್ಕೆ ಸೇರಿದವರು.

ಬಳ್ಳಾರಿಯ ಹೆಸರು ಇನ್ನೊಂದು ಕಾರಣಕ್ಕೂ ಬರಬೇಕು. ಬೈಬಲ್ ಮೊದಲಿಗೆ ಇಡಿಯಾಗಿ ಕನ್ನಡಕ್ಕೆ ಬಂದದ್ದು ಅಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಜನರ ನಡುವೆ ಕೂತು ಕನ್ನಡ ಕಲಿತು, ವರ್ಷಗಟ್ಟಲೆ ಅನುವಾದದ ಕೆಲಸ ಮಾಡಿದ. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಸಿದ್ಧವಾಯಿತು. ಆಮೇಲೆ ಬೇರೆಯವರು ಅದನ್ನು ತಿದ್ದಿದರು. ಈ ಅನುವಾದಗಳ ಪರಂಪರೆಯಲ್ಲಿ ಒಂದು ಸಣ್ಣ ಸಂಗತಿಯಿದೆ. ಮೂಲದಲ್ಲಿ ಮೊದಲ ಮಳೆ, ಕೊನೆಯ ಮಳೆ ಎಂದು ಬರುವ ಕಡೆ ಕನ್ನಡದ ಸತ್ಯವೇದ ಮುಂಗಾರು, ಹಿಂಗಾರು ಎಂಬ ಪದಗಳನ್ನು ಬಳಸುತ್ತದೆ. ಒಕ್ಕಲಿಗನಿಗೆ ಆ ಪುಟ ಪರದೇಶದ್ದು ಎನ್ನಿಸದಿರಲು ಆ ಎರಡು ಪದಗಳೇ ಸಾಕು.

ನಿಜಕ್ಕೂ ಅದು ಅಷ್ಟೊಂದು ಪರದೇಶವೂ ಅಲ್ಲ. ಯೆರೂಸಲೇಮಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸು. ರಾಯಚೂರು ಸೀಮೆಯದು 600ಕ್ಕಿಂತ ತುಸು ಹೆಚ್ಚು. ಅಲ್ಲಿ ಮಳೆ ಚಳಿಗಾಲದ್ದು, ಇಲ್ಲಿಯದು ಮಾನ್ಸೂನಿನದು, ಅಷ್ಟೇ ವ್ಯತ್ಯಾಸ. ಅಲ್ಲಿ ಅಕ್ಟೋಬರ್, ನವೆಂಬರಿನ ಮೊದಲ ಮಳೆ ನೆಲ ಮೆತ್ತಗೆ ಮಾಡಿದರೆ ಬಿತ್ತನೆ. ಮಾರ್ಚ್, ಏಪ್ರಿಲಿನ ಕೊನೆಯ ಮಳೆ ಬಂದರೆ ಕಾಳು ತುಂಬುತ್ತದೆ. ನಡುವೆ ಕೈಕೊಟ್ಟರೆ ಬರ. ಬೈಬಲಿನ ವಿವೇಕದ ಮಾತುಗಳು ಹೊಳೆ ತುಂಬಿ ಹರಿಯುವ ನಾಡಿನಲ್ಲಿ ಹುಟ್ಟಿದವಲ್ಲ. ಮುಗಿಲು ನೋಡುವವರ ನಡುವೆ ಹುಟ್ಟಿದವು.

ಈ ವಿವೇಕದ ಗ್ರಂಥಗಳಲ್ಲಿ ಮೂರು ಮುಖ್ಯ: ಜ್ಞಾನೋಕ್ತಿಗಳು, ಪ್ರಸಂಗಿ ಮತ್ತು ಯೋಬ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿವೆ. ತಿಂಗಳ ತಾರೀಖಿಗೆ ಒಂದರಂತೆ ಓದಿಕೊಳ್ಳುವ ರೂಢಿ ಅನೇಕ ಕ್ರೈಸ್ತ ಮನೆಗಳಲ್ಲಿದೆ. ದುಡಿಯುವವನು ಉಣ್ಣುತ್ತಾನೆ, ಮೈಗಳ್ಳನು ಕೆಡುತ್ತಾನೆ, ಇರುವೆಯನ್ನು ನೋಡಿ ಕಲಿಯಬೇಕು ಎಂಬ ಬಗೆಯ ಬುದ್ಧಿಮಾತುಗಳು ಅಲ್ಲಿವೆ. ಪ್ರಸಂಗಿ ಬೇರೆ ದನಿಯ ಪುಸ್ತಕ. ಓಟದಲ್ಲಿ ಚುರುಕಾದವನೇ ಯಾವಾಗಲೂ ಗೆಲ್ಲುವುದಿಲ್ಲ, ಕಾಲವೂ ಆಕಸ್ಮಿಕವೂ ಎಲ್ಲರ ಪಾಲಿಗೂ ಬರುತ್ತವೆ ಎಂದು ಅದು ನೇರವಾಗಿ ಒಪ್ಪಿಕೊಳ್ಳುತ್ತದೆ. ಇನ್ನು ಯೋಬನ ಕಥೆಯಂತೂ ಒಳ್ಳೆಯವನೊಬ್ಬ ಎಲ್ಲವನ್ನೂ ಕಳೆದುಕೊಂಡ ಕಥೆ. ದುಡಿದರೆ ಫಲವುಂಟು ಎಂಬ ಪುಸ್ತಕವನ್ನೂ, ದುಡಿದರೂ ಫಲ ತಪ್ಪಬಹುದು ಎಂಬ ಪುಸ್ತಕಗಳನ್ನೂ ಒಂದೇ ರಟ್ಟಿನೊಳಗೆ ಇಟ್ಟದ್ದರಲ್ಲಿಯೇ ದೊಡ್ಡ ವಿವೇಕವಿದೆ. 600 ಮಿಲಿಮೀಟರು ಎಂಬುದು ಹಲವು ವರ್ಷಗಳ ಸರಾಸರಿ. ಅದು ಸುಳ್ಳಲ್ಲ. ಆದರೆ ಯಾವ ವರ್ಷವೂ ಸರಿಯಾಗಿ ಅಷ್ಟೇ ಮಳೆ ತರುವುದಿಲ್ಲ. ಜ್ಞಾನೋಕ್ತಿಗಳು ಸರಾಸರಿಯ ಮಾತು. ಯೋಬ ಸರಾಸರಿಗೆ ಸಿಗದ ಒಂದು ವರ್ಷ.

ವಾಗ್ದಾನದ ಚೀಟಿ

ಡಿಸೆಂಬರ್ 31ರ ರಾತ್ರಿ ಅನೇಕ ಚರ್ಚುಗಳಲ್ಲಿ ಆರಾಧನೆ ನಡೆಯುತ್ತದೆ. ಹನ್ನೆರಡು ಹೊಡೆದ ಮೇಲೆ ಬುಟ್ಟಿಯೊಂದರಲ್ಲಿ ಸಣ್ಣ ಚೀಟಿಗಳನ್ನು ತರುತ್ತಾರೆ. ಪ್ರತಿಯೊಂದರಲ್ಲಿ ಸತ್ಯವೇದದ ಒಂದು ವಾಕ್ಯ. ಅದಕ್ಕೆ ವಾಗ್ದಾನ ಎಂದು ಹೆಸರು. ಮನೆಮಂದಿಯೆಲ್ಲ ಒಂದೊಂದು ತೆಗೆದುಕೊಂಡು ಓದುತ್ತಾರೆ. ಕೆಲವರು ಅದನ್ನು ಬೈಬಲಿನ ನಡುವೆ, ಕೆಲವರು ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರಂತೂ ಚೀಟಿ ಬಿಚ್ಚುವಾಗ ಉಸಿರು ಬಿಗಿಹಿಡಿಯುತ್ತಾರೆ.

ಈ ರೂಢಿಯಲ್ಲಿ ತಪ್ಪೇನಿಲ್ಲ. ಹೆದರಿದ ಮಗುವಿಗೆ ಅಜ್ಜಿ ಬೆನ್ನು ತಟ್ಟಿದ ಹಾಗೆ ಅದು. ಆದರೆ ಚೀಟಿಯನ್ನು ಪಂಚಾಂಗದಂತೆ ಓದಿದರೆ ಮಾತ್ರ ತೊಡಕು. ಒಳ್ಳೆಯ ವಾಕ್ಯ ಬಂತು, ಆದ್ದರಿಂದ ಸೀಟು ಸಿಕ್ಕೇ ಸಿಗುತ್ತದೆ ಎಂದುಕೊಂಡವನು ಸೀಟು ಸಿಗದಾಗ ಎರಡನ್ನು ಕಳೆದುಕೊಳ್ಳುತ್ತಾನೆ, ಸೀಟನ್ನೂ ನಂಬಿಕೆಯನ್ನೂ. ಸತ್ಯವೇದದ ವಿವೇಕ ನಾಳೆ ಏನಾಗುತ್ತದೆ ಎಂದು ಹೇಳುವ ಹೊಣೆ ಹೊರುವುದಿಲ್ಲ. ನಾಳೆ ಏನಾಗುತ್ತದೆ ಎಂದು ತಿಳಿಯದಿರುವಾಗ ಇಂದು ಏನು ಮಾಡಬೇಕು ಎಂಬುದನ್ನು ಹೇಳುತ್ತದೆ. ಈ ಎರಡರ ನಡುವಿನ ಅಂತರ ತಿಳಿಯಲು ರಾಯಚೂರಿನಿಂದ ಮಾನ್ವಿಯ ಬಸ್ಸು ಹತ್ತಬೇಕು.

ಮಾನ್ವಿ: ಕಾಲುವೆಯ ಕೊನೆಯ ಹೊಲ

ಮಾನ್ವಿ ರಾಯಚೂರಿನಿಂದ ಸುಮಾರು 45 ಕಿಲೋಮೀಟರು. ದಾರಿಯಲ್ಲಿ ಹಳೆಯ ಗುಡಿಗಳ ಊರು ಕಲ್ಲೂರು ಸಿಗುತ್ತದೆ. ಇದು ದಾಸರ ಸೀಮೆ. ವಿಜಯದಾಸರು ಹುಟ್ಟಿದ ಚೀಕಲಪರ್ವಿ ಇತ್ತ ಕಡೆಯದು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಬಾಳಿದ ಊರು ಮಾನ್ವಿ. ಇಲ್ಲಿ ಈಗ ಜೆಸ್ಯೂಟರು ನಡೆಸುವ ಲೊಯೋಲ ಶಾಲೆ, ಕಾಲೇಜು ಇವೆ. ಸುತ್ತಲಿನ ಹಳ್ಳಿಗಳ ಬಡಮಕ್ಕಳು, ಮನೆಯಲ್ಲಿ ಮೊದಲ ಬಾರಿಗೆ ಅಕ್ಷರ ಕಲಿತವರು, ಅಲ್ಲಿಗೆ ಬರುತ್ತಾರೆ.

ಮಾನ್ವಿಯ ಬದುಕು ತುಂಗಭದ್ರಾ ಎಡದಂಡೆ ಕಾಲುವೆಯೊಂದಿಗೆ ಕಟ್ಟಿಕೊಂಡಿದೆ. ಹೊಸಪೇಟೆಯ ಬಳಿಯ ಅಣೆಕಟ್ಟಿನಿಂದ ಹೊರಟ ಈ ಕಾಲುವೆ ಸುಮಾರು 227 ಕಿಲೋಮೀಟರು ಹರಿದು ಬರುತ್ತದೆ. ಗಂಗಾವತಿ, ಸಿಂಧನೂರುಗಳನ್ನು ದಾಟಿ ಮಾನ್ವಿ, ರಾಯಚೂರಿನ ಹೊಲಗಳಿಗೆ ಅದು ಕೊನೆಗೆ ಮುಟ್ಟಬೇಕು. ಯೋಜನೆ ಮಾಡಿದಾಗ ಬಹುಪಾಲು ಹೊಲಗಳಿಗೆ ಕಡಿಮೆ ನೀರಿನ ಬೆಳೆಗಳನ್ನು ಗೊತ್ತುಮಾಡಲಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಭತ್ತಕ್ಕೆ ನಿಂತ ನೀರು ಬೇಕು. ಹೀಗಾಗಿ ಕೊನೆಯ ಭಾಗದ ರೈತ ಮಡಿಯಲ್ಲಿ ನಿಂತು ನೀರಿನ ದಾರಿ ಕಾಯುವುದು ಪ್ರತಿ ವರ್ಷದ ಮಾತಾಯಿತು. ಕಾಲುವೆಯ ಯಾವ ಮೈಲಿನಲ್ಲಿ ಎಷ್ಟು ಅಡಿ ನೀರಿದೆ ಎಂಬುದು ಇಲ್ಲಿ ಮನೆಮಾತು.

2024ರ ಆಗಸ್ಟ್ 10ರ ರಾತ್ರಿ ಈ ಕಾಯುವಿಕೆಗೆ ಹೊಸ ಭಯವೊಂದು ಸೇರಿತು. ಜಲಾಶಯ ತುಂಬಿ ನಿಂತಿತ್ತು. ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. 1953ರಲ್ಲಿ ನೀರು ನಿಂತ ಅಣೆಕಟ್ಟು ಅದು. ಏಳು ದಶಕ ದಾಟಿತ್ತು. ಗೇಟಿನ ಜಾಗ ಮುಚ್ಚಬೇಕಾದರೆ ನೀರಿನ ಮಟ್ಟ ಇಳಿಸಬೇಕು. ಮಟ್ಟ ಇಳಿಸಬೇಕಾದರೆ ಬೆಳೆಗೆ ಇಟ್ಟ ನೀರನ್ನೇ ಹೊಳೆಗೆ ಬಿಡಬೇಕು. ನಾಟಿ ಮಾಡಿದ ಗದ್ದೆಗಳ ಮುಂದೆ ಜನ ಕೈಕಟ್ಟಿ ನಿಂತರು. ಅಂದಿನ ಎಲ್ಲ ಲೆಕ್ಕಗಳೂ ಒಂದೇ ರಾತ್ರಿಯಲ್ಲಿ ತಲೆಕೆಳಗಾದವು. ಈ ಹಂಗಾಮಿನಲ್ಲಿ ಇಷ್ಟು ಚೀಲ, ಇಷ್ಟು ಸಾಲ ತೀರುವಳಿ, ಮಗಳ ಕಾಲೇಜಿಗೆ ಇಷ್ಟು ಎಂದು ಹಾಕಿಕೊಂಡ ಲೆಕ್ಕಗಳು ಅವು.

ಯಾಕೋಬನ ಪತ್ರಿಕೆಯಲ್ಲಿ ಇಂಥದೇ ಲೆಕ್ಕ ಹಾಕುವ ವ್ಯಾಪಾರಿಗಳು ಬರುತ್ತಾರೆ. ಇಂಥ ಪಟ್ಟಣಕ್ಕೆ ಹೋಗುತ್ತೇವೆ, ಒಂದು ವರ್ಷ ಇರುತ್ತೇವೆ, ಲಾಭ ಮಾಡುತ್ತೇವೆ ಎನ್ನುವವರು. ನಾಳೆ ಏನಾಗುವುದೆಂದು ನಿಮಗೆ ತಿಳಿಯದು, ಬದುಕು ಬೆಳಗಿನ ಮಂಜಿನ ಹಾಗೆ ಎಂದು ಪತ್ರಿಕೆ ಅವರಿಗೆ ನೆನಪಿಸುತ್ತದೆ. ದೇವರ ಚಿತ್ತವಾದರೆ ಎಂಬ ಮಾತನ್ನು ಸೇರಿಸಿಕೊಳ್ಳಲು ಹೇಳುತ್ತದೆ. ಮಾನ್ವಿಯ ಸಂತೆಯಲ್ಲಿ ಈ ಮಾತು ಎಲ್ಲ ಜಾತಿಯವರ ಬಾಯಲ್ಲೂ ಇದೆ. ಒಬ್ಬರು ದೇವರು ನಡೆಸಿದಂತೆ ಎನ್ನುತ್ತಾರೆ, ಇನ್ನೊಬ್ಬರು ಇನ್ಶಾ ಅಲ್ಲಾ ಎನ್ನುತ್ತಾರೆ.

ಆದರೆ ಗಮನಿಸಬೇಕಾದ ಸಂಗತಿ ಬೇರೆಯಿದೆ. ಪತ್ರಿಕೆ ಆ ವ್ಯಾಪಾರಿಗಳಿಗೆ ಪ್ರಯಾಣ ಮಾಡಬೇಡಿರಿ ಎಂದು ಹೇಳುವುದಿಲ್ಲ. ಯೋಜನೆ ಬೇಡ ಎನ್ನುವುದಿಲ್ಲ. ಯೋಜನೆಯೇ ಫಲವೆಂದು ಬೀಗಬೇಡಿ ಎನ್ನುತ್ತದೆ. 19ನೆಯ ಗೇಟು ಹೋದ ಮೇಲೆ ಯಾರೂ ದೇವರ ಚಿತ್ತ ಎಂದು ಸುಮ್ಮನೆ ಕೂರಲಿಲ್ಲ. ಎಂಜಿನಿಯರುಗಳೂ ಕೆಲಸಗಾರರೂ ಹಗಲಿರುಳು ನಿಂತು, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಬಾಯಿ ಮುಚ್ಚಿದರು. ಆಮೇಲೆ ಮಳೆ ಬಂತು, ಜಲಾಶಯ ಮತ್ತೆ ತುಂಬಿಕೊಂಡಿತು. ಹಲಗೆ ಇಳಿಸಿದ್ದು ಮನುಷ್ಯರು, ಮಳೆ ತಂದದ್ದು ಮನುಷ್ಯರಲ್ಲ. ಹಲಗೆ ಇಳಿಸದಿದ್ದರೆ ಬಂದ ಮಳೆಯೂ ನಿಲ್ಲುತ್ತಿರಲಿಲ್ಲ. 2025ರಲ್ಲಿ ಗೇಟುಗಳು ಹಳತಾಗಿವೆ ಎಂಬ ಕಾರಣಕ್ಕೆ ಸುಮಾರು 80 ಟಿಎಂಸಿಯಷ್ಟೇ ನೀರು ನಿಲ್ಲಿಸಿದ್ದೂ ಇದೇ ವಿವೇಕದ ಮುಂದುವರಿಕೆ. ಇರುವ ಬಲವನ್ನು ಅಳೆದು ಹೊರೆ ಹೊರುವುದು ಅಪನಂಬಿಕೆಯಲ್ಲ.

ದೇವದುರ್ಗ: ಏಳೆಂಟು ಪಾಲು

ಮಾನ್ವಿಯಿಂದ ಸಿರವಾರದ ಮೇಲೆ ದೇವದುರ್ಗಕ್ಕೆ ಹೊರಟರೆ ನೋಟ ಬದಲಾಗುತ್ತದೆ. ಕಾಲುವೆಯ ಹಸಿರು ಹಿಂದೆ ಉಳಿದು ಎರೆ ಹೊಲಗಳು ತೆರೆದುಕೊಳ್ಳುತ್ತವೆ. ದೇವದುರ್ಗ ರಾಯಚೂರಿಗೆ ಪಶ್ಚಿಮದಲ್ಲಿ, ಕೃಷ್ಣೆಯ ಕಡೆಗಿರುವ ತಾಲ್ಲೂಕು. ಗೋಪಾಲದಾಸರ ಮೊಸರಕಲ್ಲು, ಹಳೆಯ ಗುಡಿಗಳ ಗಬ್ಬೂರು ಇಲ್ಲಿಯವು. ನಾರಾಯಣಪುರ ಬಲದಂಡೆ ಕಾಲುವೆ ಒಂದಷ್ಟು ಹೊಲಗಳಿಗೆ ನೀರು ತಂದಿದೆ. ಉಳಿದವು ಮಳೆಯನ್ನೇ ನಂಬಿದವು.

ಎರೆ ಮಣ್ಣಿನ ಗುಣ ಮಕ್ಕಳು ತಿಳಿದುಕೊಳ್ಳಬೇಕಾದದ್ದು. ಅದರ ಜೇಡಿಯ ಕಣಗಳು ಬಹಳ ಸಣ್ಣವು. ನೀರು ಕುಡಿದು ಉಬ್ಬುತ್ತವೆ, ಒಣಗಿದರೆ ಕುಗ್ಗಿ ಮೊಳಕಾಲುದ್ದದ ಬಿರುಕು ಬಿಡುತ್ತವೆ. ಒಮ್ಮೆ ಹಸಿಯಾದ ಎರೆ ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಅದಕ್ಕೇ ಉತ್ತರೆ, ಹಸ್ತ ಮಳೆಗಳ ಹದ ನೋಡಿ ಬಿತ್ತಿದ ಹಿಂಗಾರಿ ಬಿಳಿಜೋಳ ಮುಂದೆ ಮಳೆಯಿಲ್ಲದೆಯೂ ಮಣ್ಣಿನ ಒಳತೇವದಿಂದ ತೆನೆಯಾಗುತ್ತದೆ. ಹದ ಮಾತ್ರ ಕಾಯುವುದಿಲ್ಲ. ಇನ್ನೊಂದು ಮಳೆ ಬರಲಿ, ಆಮೇಲೆ ಬಿತ್ತೋಣ ಎಂದು ಕೂತವನ ಹೊಲ ಬೀಳು. ಈ ಕಡೆಯ ಹಿರಿಯರು ಮಕ್ಕಳಿಗೆ ಹೇಳುವ ರೀತಿ ಹೀಗೆ: "ಮುಗಿಲು ದೇವ್ರ ಕೈಯಾಗ ಅದ, ಕೂರಿಗಿ ನಿನ್ನ ಕೈಯಾಗ ಅದ. ಕೂರಿಗಿ ನಿಲ್ಲಿಸಬ್ಯಾಡಪ್ಪ."

ಪ್ರಸಂಗಿಯ ಹನ್ನೊಂದನೆಯ ಅಧ್ಯಾಯ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ಗಾಳಿ, ಮೋಡಗಳ ಲೆಕ್ಕ ಪೂರ್ತಿಯಾಗಲಿ ಎಂದು ಕಾಯುವವನಿಗೆ ಬಿತ್ತನೆಯೂ ಇಲ್ಲ, ಸುಗ್ಗಿಯೂ ಇಲ್ಲ ಎಂಬುದು ಅದರ ತಾತ್ಪರ್ಯ. ಬೆಳಿಗ್ಗೆಯೂ ಬಿತ್ತು, ಸಂಜೆಯೂ ಕೈ ಬಿಡಬೇಡ. ಯಾವುದು ಫಲಿಸುವುದೋ ನಿನಗೆ ತಿಳಿಯದು ಎಂಬ ಅರ್ಥದ ಮಾತೂ ಅಲ್ಲಿದೆ. ಇನ್ನೊಂದು ಮಾತು ಕೈಯಲ್ಲಿದ್ದುದನ್ನು ಏಳು, ಎಂಟು ಪಾಲು ಮಾಡಲು ಹೇಳುತ್ತದೆ. ಭೂಮಿಗೆ ಯಾವ ಕೇಡು ಬರುವುದೋ ಗೊತ್ತಿಲ್ಲ ಎಂಬುದು ಅದಕ್ಕೆ ಕೊಡುವ ಕಾರಣ.

ಏಳೆಂಟು ಪಾಲು ಎಂದರೆ ಏನೆಂದು ದೇವದುರ್ಗದ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಡಿ ಸಾಲು ಅವನ ಅಜ್ಜನ ಕಾಲದ್ದು. ಸಜ್ಜೆಯ ನಡುವೆ ತೊಗರಿ, ಜೋಳದ ನಡುವೆ ಕುಸುಬೆ ಅಥವಾ ಕಡಲೆ, ಬದುವಿಗೆ ಒಂದಿಷ್ಟು ಹೆಸರು, ಅಲಸಂದೆ, ಪುಂಡಿ. ಸಜ್ಜೆ ಬೇಗ ಕೈಗೆ ಬರುತ್ತದೆ. ತೊಗರಿಯ ಬೇರು ಆಳಕ್ಕಿಳಿದು ತಡವಾಗಿ ಕೊಡುತ್ತದೆ. ದ್ವಿದಳ ಧಾನ್ಯದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಸೇರಿಸುತ್ತವೆ. ಒಂದು ಸೋತರೆ ಒಂದು ಗೆಲ್ಲುತ್ತದೆ. ಎಲ್ಲ ಗೆಲ್ಲುವ ವರ್ಷ ಕಡಿಮೆ, ಎಲ್ಲ ಸೋಲುವ ವರ್ಷವೂ ಕಡಿಮೆ. ಒಂದೇ ಬೆಳೆಗೆ ಹೊಲವಿಡೀ ಒಪ್ಪಿಸಿದವರಿಗೆ ಈ ಆಸರೆಯಿಲ್ಲ.

ಈ ಮಾತು ಹೊಲಕ್ಕಷ್ಟೇ ಅಲ್ಲ, ಮನೆಗೂ ಸಲ್ಲುತ್ತದೆ. ನೀಟ್ ಎಂಬ ಒಂದೇ ಬೆಳೆಯನ್ನು ಮಗನ ಹೊಲವಿಡೀ ಬಿತ್ತುವ ಮನೆಗಳು ಈಗ ಪ್ರತಿ ಊರಲ್ಲೂ ಇವೆ. ಡಾಕ್ಟರಾಗಬೇಕೆಂಬ ಆಸೆ ಕೆಟ್ಟದ್ದಲ್ಲ. ಆದರೆ ಅಕ್ಕಡಿಯಿಲ್ಲದ ಆಸೆ ಬಿರುಸಿನದು. ರಾಯಚೂರಿನಲ್ಲಿಯೇ 2008ರಿಂದ ಕೃಷಿ ವಿಶ್ವವಿದ್ಯಾಲಯವಿದೆ, 2019ರಿಂದ ಐಐಐಟಿ ಇದೆ. ಡಿಪ್ಲೊಮಾ, ಐಟಿಐ, ನರ್ಸಿಂಗ್, ಬಿಎಸ್ಸಿ, ಬಿಇಡಿ ಎಷ್ಟೋ ದಾರಿಗಳಿವೆ. ಯಾವ ಬೀಜ ಫಲಿಸುವುದೋ ಯಾರಿಗೂ ತಿಳಿಯದು ಎಂದ ಮೇಲೆ ಬೆಳಗಿನ ಬೀಜದ ಜೊತೆ ಸಂಜೆಯ ಬೀಜವೂ ಮಗುವಿನ ಕೈಯಲ್ಲಿರಬೇಕು.

ಹಗೇವು ಮತ್ತು ಯೋಸೇಫ

ಬಿತ್ತುವುದು ಅರ್ಧ ಕೆಲಸ, ಉಳಿಸುವುದು ಇನ್ನರ್ಧ. ಆದಿಕಾಂಡದಲ್ಲಿ ಯೋಸೇಫನ ಕಥೆ ಬರುತ್ತದೆ. ಐಗುಪ್ತದ ಅರಸನಿಗೆ ಏಳು ಕೊಬ್ಬಿದ ಹಸು, ಏಳು ಬಡಕಲು ಹಸುಗಳ ಕನಸು ಬೀಳುತ್ತದೆ. ಸೆರೆಯಿಂದ ಬಂದ ಯೋಸೇಫ ಕನಸಿನ ಅರ್ಥ ಹೇಳಿ ಸುಮ್ಮನಾಗಲಿಲ್ಲ. ಸಮೃದ್ಧಿಯ ಏಳು ವರ್ಷವೂ ಬೆಳೆಯ ಐದನೆಯ ಒಂದು ಪಾಲನ್ನು ಪಟ್ಟಣಗಳ ಕಣಜಗಳಲ್ಲಿ ತುಂಬಿಸಲು ಹೇಳಿದ. ಬರ ಬಂದಾಗ ಆ ನಾಡು ಬದುಕಿದ್ದು ಕನಸಿನಿಂದಲ್ಲ, ಕಣಜದಿಂದ.

ಉತ್ತರ ಕರ್ನಾಟಕದ ಕಣಜವೆಂದರೆ ಹಗೇವು. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿದ ಗುಂಡಿ, ಒಳಗೆ ಸುತ್ತ ಹುಲ್ಲಿನ ಹೊದಿಕೆ, ಅದರಲ್ಲಿ ಜೋಳ, ಮೇಲೆ ಕಲ್ಲು, ಮಣ್ಣಿನ ಮೆತ್ತಿಗೆ. ಒಳಗಿನ ಕಾಳು ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡು ತುಂಬಿಕೊಳ್ಳುತ್ತದೆ, ಹುಳು ಬದುಕುವುದಿಲ್ಲ. ಅದಕ್ಕೇ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅದೇ ಕಾರಣಕ್ಕೆ ಬಾಯಿ ತೆರೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತದ್ದೂ ಉಂಟು. ತಿಳಿದವರು ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಈಗ ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಬ್ಯಾಂಕಿನ ಪಾಸ್‌ಬುಕ್ಕು, ಸ್ತ್ರೀಶಕ್ತಿ ಸಂಘದ ಉಳಿತಾಯ, ಬೆಳೆ ವಿಮೆ ಆ ಜಾಗಕ್ಕೆ ಬಂದಿವೆ. ವಿದ್ಯಾರ್ಥಿಗೂ ಒಂದು ಹಗೇವು ಉಂಟು. ಪರೀಕ್ಷೆಯ ಹಿಂದಿನ ರಾತ್ರಿ ತುಂಬಿಸಲಾಗದ, ದಿನಕ್ಕಿಷ್ಟೆಂದು ಜೂನ್ ತಿಂಗಳಿನಿಂದಲೇ ತುಂಬಿಸಬೇಕಾದ ಹಗೇವು ಅದು.

ಆದರೆ ಸತ್ಯವೇದ ಕೂಡಿಡುವುದನ್ನು ಕುರುಡಾಗಿ ಹೊಗಳುವುದಿಲ್ಲ. ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಕಥೆಯೊಂದರಲ್ಲಿ ಬೆಳೆ ಹೆಚ್ಚಾದ ಸಾಹುಕಾರನೊಬ್ಬ ಹಳೆಯ ಕಣಜ ಕೆಡವಿ ದೊಡ್ಡ ಕಣಜ ಕಟ್ಟಲು ಯೋಚಿಸುತ್ತಾನೆ. ಅದೇ ರಾತ್ರಿ ಅವನ ಆಯುಷ್ಯ ಮುಗಿಯುತ್ತದೆ. ಯೋಸೇಫನೂ ಕೂಡಿಟ್ಟ, ಸಾಹುಕಾರನೂ ಕೂಡಿಡಹೊರಟ. ಒಬ್ಬನ ಕಣಜದ ಬಾಗಿಲು ಹಸಿದವರ ಕಡೆಗೆ ತೆರೆಯಿತು. ಇನ್ನೊಬ್ಬನ ಯೋಚನೆಯಲ್ಲಿ ನೆರೆಯವನು ಬರಲೇ ಇಲ್ಲ.

ಗುಳೆ ಮತ್ತು ಹಕ್ಕಲು

ಕಣಜವೇ ಇಲ್ಲದವರ ಪಾಡೇನು? ದೇವದುರ್ಗದ ಹಳ್ಳಿಗಳಲ್ಲಿ ಆ ಪ್ರಶ್ನೆಗೆ ಗುಳೆ ಎಂದು ಹೆಸರು. ಸುಗ್ಗಿ ಮುಗಿದು ಕೆಲಸ ಬತ್ತಿದ ಮೇಲೆ ಮನೆಗೆ ಬೀಗ ಬೀಳುತ್ತದೆ. ಗಂಟುಮೂಟೆ, ಒಲೆ, ಕೂಸು ಎಲ್ಲವನ್ನೂ ಕಟ್ಟಿಕೊಂಡು ಬೆಂಗಳೂರು, ಹೈದರಾಬಾದು, ಪುಣೆಯ ಕಟ್ಟಡದ ಕೆಲಸಕ್ಕೆ ಜನ ಹೋಗುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದರೆ ಮಕ್ಕಳ ಶಾಲೆ ಉಳಿಯುತ್ತದೆ. ಇಲ್ಲದಿದ್ದರೆ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಗೈರು ಬೀಳುತ್ತಾ ಹೋಗುತ್ತದೆ.

ಸತ್ಯವೇದದಲ್ಲಿ ರೂತಳ ಪುಸ್ತಕ ಆರಂಭವಾಗುವುದೇ ಗುಳೆಯಿಂದ. ಬೇತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ಆ ರೊಟ್ಟಿಯ ಮನೆಯಲ್ಲಿಯೇ ಬರ ಬಿದ್ದು ಒಂದು ಸಂಸಾರ ಮೋವಾಬಿಗೆ ಹೊರಡುತ್ತದೆ. ಅಲ್ಲಿ ಗಂಡ ಸಾಯುತ್ತಾನೆ, ಇಬ್ಬರು ಮಕ್ಕಳು ಸಾಯುತ್ತಾರೆ. ನೊವೊಮಿ ಎಂಬ ಮುದುಕಿ ಬರಿಗೈಯಲ್ಲಿ ಊರಿಗೆ ಮರಳುತ್ತಾಳೆ. ಸೊಸೆ ರೂತಳು ಅತ್ತೆಯ ಕೈ ಬಿಡದೆ ಜೊತೆಗೆ ಬಂದು ಪರರ ಹೊಲದಲ್ಲಿ ಹಕ್ಕಲು ಆಯುತ್ತಾಳೆ. ಕೊಯ್ಲಾದ ಮೇಲೆ ನೆಲದಲ್ಲಿ ಉಳಿದ ತೆನೆಗಳನ್ನು ಆಯ್ದುಕೊಳ್ಳುವುದಕ್ಕೆ ಹಕ್ಕಲು ಎಂಬ ಮಾತು ಜೋಳದ ಸೀಮೆಯವರಿಗೆ ಹೊಸದಲ್ಲ. ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬುದು ಆ ನಾಡಿನ ಧರ್ಮಶಾಸ್ತ್ರದ ಕಟ್ಟಳೆಯಾಗಿತ್ತು. ಬೋವಜ ಎಂಬ ಹೊಲದೊಡೆಯ ಕಟ್ಟಳೆಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಆಳುಗಳಿಗೆ ಹೇಳಿ ರೂತಳಿಗಾಗಿ ತೆನೆಗಳನ್ನು ಬೇಕೆಂದೇ ಉದುರಿಸುತ್ತಾನೆ.

ಅನಿಶ್ಚಿತತೆಯ ಮಾತಾಡುವಾಗ ಈ ಅಂಚು ಮರೆತುಹೋಗುತ್ತದೆ. ಧೈರ್ಯವಾಗಿರು, ನಂಬು, ದುಡಿ ಎಂದು ಬಡವನಿಗೆ ಹೇಳುವುದು ಸುಲಭ. ಹೊಲದ ಅಂಚು ಬಿಡುವುದು ಕಷ್ಟ. ಗುಳೆ ಹೋದವರ ಮಗುವನ್ನು ಮೂರು ತಿಂಗಳು ಮನೆಯಲ್ಲಿ ಇಟ್ಟುಕೊಂಡ ನೆರೆಯವರು, ತಮ್ಮ ಮಗಳು ಓದಿ ಮುಗಿಸಿದ ಪುಸ್ತಕಗಳನ್ನು ಕೇರಿಯ ಹುಡುಗಿಗೆ ಕೊಟ್ಟ ತಾಯಂದಿರು, ಸಂಜೆ ಪುಕ್ಕಟೆ ಗಣಿತ ಹೇಳಿಕೊಡುವ ಕಾಲೇಜು ಹುಡುಗರು ಬೈಬಲು ಓದಿರಲಿ, ಓದದಿರಲಿ, ಬೋವಜನ ಕೆಲಸ ಮಾಡಿದವರೇ.

ಯೋಬನ ಗೆಳೆಯರು

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಬರದ ಈ ನಾಡಿಗೆ ನೆರೆ ಬಂತು. ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ಸನಿಹದ ಮಂತ್ರಾಲಯವೂ ಮುಳುಗಿತು. ಮಣ್ಣಿನ ಮನೆಗಳು ಕರಗಿದವು, ಹೊಲದ ಮೇಲ್ಮಣ್ಣು ಕೊಚ್ಚಿಹೋಯಿತು. ಹೀಗೆ ಬರ ಕಳೆದುಕೊಂಡವರೂ ನೆರೆ ಕಳೆದುಕೊಂಡವರೂ ಕೇಳುವ ಪ್ರಶ್ನೆ ಒಂದೇ: ನಾವೇನು ತಪ್ಪು ಮಾಡಿದ್ದೆವು?

ಯೋಬನೂ ಇದನ್ನೇ ಕೇಳಿದ. ಅವನ ಮೂವರು ಗೆಳೆಯರು ದೂರದಿಂದ ಬಂದು ಅವನ ಜೊತೆ ಏಳು ಹಗಲು, ಏಳು ರಾತ್ರಿ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದರು, ಉಪದೇಶಕ್ಕೆ ಇಳಿದರು. ನೀನು ಏನೋ ಪಾಪ ಮಾಡಿರಲೇಬೇಕು, ಅದಕ್ಕೇ ಹೀಗಾಯಿತು ಎಂದರು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ಈ ಉಪದೇಶಕರ ಮೇಲೆ.

ಫಲಿತಾಂಶ ಬಂದ 

ದಿನ ಈ ಪುಸ್ತಕವನ್ನು ತಂದೆತಾಯಿಗಳು ನೆನಪಿಸಿಕೊಂಡರೆ ಒಳ್ಳೆಯದು. ನಪಾಸಾದ ಮಗ ಮೂಲೆಯಲ್ಲಿ ಕೂತಿರುವಾಗ ಮೊಬೈಲ್ ಹಿಡಿದದ್ದು, ಸಿನಿಮಾಕ್ಕೆ ಹೋದದ್ದು ಎಲ್ಲವನ್ನೂ ಎಣಿಸಿ ಹೇಳುವ ಹುಮ್ಮಸ್ಸು ಬರುತ್ತದೆ. ತಪ್ಪು ತಿದ್ದುವ ದಿನ ಬೇರೆ ಇದೆ; ಮರುಪರೀಕ್ಷೆಗೆ ಅರ್ಜಿ ತುಂಬುವ ದಿನವೂ ಇದೆ. ಅಂದು ಮಾತ್ರ ಪಕ್ಕದಲ್ಲಿ ಕೂತು, ರೊಟ್ಟಿ ಬಡಿಸಿ, ಉಣ್ಣಪ್ಪ ಎಂದರೆ ಸಾಕು. ಯೋಬನ ಗೆಳೆಯರ ಮೊದಲ ಏಳು ದಿನಗಳ ವಿವೇಕ ಅದು. ಓದಿಯೂ ಅಂಕ ಬಾರದ ಮಕ್ಕಳಿರುತ್ತಾರೆ, ಬಿತ್ತಿಯೂ ಬೆಳೆ ಕಾಣದ ಹೊಲಗಳಿರುವ ಹಾಗೆ. ಬೆಳೆ ಬಾರದ ವರ್ಷ ಹೊಲವನ್ನು ಯಾರೂ ಬೈಯುವುದಿಲ್ಲ; ಮುಂದಿನ ಹಂಗಾಮಿಗೆ ಹರಗುತ್ತಾರೆ.

ರಾಯಚೂರಿನ ಬಿಸಿಲು, ಮಾನ್ವಿಯ ಕಾಲುವೆ, ದೇವದುರ್ಗದ ಎರೆ ಹೊಲ ಮೂರೂ ಸೇರಿ ಹೇಳುವುದಕ್ಕೂ, ಸತ್ಯವೇದದ ವಿವೇಕ ಹೇಳುವುದಕ್ಕೂ ಹೆಚ್ಚು ದೂರವಿಲ್ಲ. ನಾಳೆಯನ್ನು ತಿಳಿದೇ ತೀರುತ್ತೇನೆ ಎಂಬ ಹಟ ಬೇಡ. ಹದ ಬಂದಾಗ ಬಿತ್ತಬೇಕು, ಒಂದೇ ಬೀಜ ನೆಚ್ಚಬಾರದು, ಸುಗ್ಗಿಯಲ್ಲಿ ಒಂದು ಪಾಲು ಎತ್ತಿಡಬೇಕು, ಹೊಲದ ಅಂಚು ಬಿಡಬೇಕು, ಸೋತವನ ಪಕ್ಕದಲ್ಲಿ ಕೂರಬೇಕು. ಇಷ್ಟು ಮಾಡಿದ ಮೇಲೂ ಮಳೆ ತಪ್ಪಬಹುದು. ತಪ್ಪಿದ ವರ್ಷವೂ ಬದುಕಿ ಉಳಿದವರ ಮೊಮ್ಮಕ್ಕಳೇ ಇಂದು ಈ ಊರುಗಳ ಶಾಲೆಗಳಲ್ಲಿ ಕೂತು ಪಾಠ ಕೇಳುತ್ತಿರುವುದು.